ದೊಡ್ಡಮ್ಮನ ತಿಥಿ ಯಾವಾಗ ಎಂದು ಕೇಳುವವರಿಗೆ

ಪ್ರತಿವರ್ಷ ಪಿತೃಪಕ್ಷ ಹತ್ತಿರವಾದಾಗ ಬಂಧುಗಳಲ್ಲಿ ಒಬ್ಬರಾದರೂ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: "ದೊಡ್ಡಪ್ಪನ ತಿಥಿಯನ್ನು ನೀನೇ ಮಾಡುತ್ತಿದ್ದೀಯಲ್ಲ, ದೊಡ್ಡಮ್ಮನದ್ದು ಯಾವಾಗ?" ಕೇಳುವವರಲ್ಲಿ ಕೆಲವರಿಗೆ ನಿಜವಾದ ಕಾಳಜಿಯಿದೆ, ಕೆಲವರಿಗೆ ಕುತೂಹಲ ಮಾತ್ರ. ಹೊರಗಿನ ಸ್ನೇಹಿತರು ಇದನ್ನೇ ಇನ್ನೊಂದು ಬಗೆಯಲ್ಲಿ ಕೇಳುತ್ತಾರೆ: "ಅವರು ಕ್ರೈಸ್ತರಲ್ಲವೇ, ಅವರಿಗಾಗಿ ನೀವು ಏನು ಮಾಡುತ್ತೀರಿ?" ಇಷ್ಟು ವರ್ಷ ಏನೋ ಒಂದು ಅರ್ಧ ಉತ್ತರ ಕೊಟ್ಟು ಜಾರಿಕೊಂಡಿದ್ದೇನೆ. ಪೂರ್ತಿ ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಆರಂಭಿಸಬೇಕಾಗುವುದರಿಂದ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕುಳಿತು ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ.

ದೊಡ್ಡಮ್ಮ ಉಡುಪಿಯಲ್ಲಿ ದಾದಿಯಾಗಿದ್ದರು. ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ, ಊರಿನವರು ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಆಸ್ಪತ್ರೆಯಲ್ಲಿ ಅವರು ದುಡಿದದ್ದು. ಅವರದು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪರಂಪರೆಯ ತುಳು ಕುಟುಂಬ. ನಮ್ಮದು ಉಡುಪಿಯ ಆಸುಪಾಸಿನ, ಮಠದ ಗಂಟೆಗೆ ಕಿವಿಗೊಟ್ಟು ಬದುಕಿದ ಬ್ರಾಹ್ಮಣ ಮನೆ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ನನ್ನ ದೊಡ್ಡಪ್ಪ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, 1971ರಲ್ಲಿ, ಯಾರಿಗೂ ಹೇಳದೆ ಅವರನ್ನು ಮದುವೆಯಾಗಲು ಹೊರಟರು. ಆದರೆ 1954ರ ವಿಶೇಷ ವಿವಾಹ ಕಾಯಿದೆಯಡಿ ಯಾರಿಗೂ ಹೇಳದೆ ಮದುವೆಯಾಗುವುದು ಸಾಧ್ಯವಿಲ್ಲ. ಮದುವೆಯ ನೋಟಿಸನ್ನು ಕಚೇರಿಯ ಫಲಕದ ಮೇಲೆ ಹಚ್ಚಿ 30 ದಿನ ಕಾಯಬೇಕು, ಆಮೇಲೆ ಮೂವರು ಸಾಕ್ಷಿಗಳು ಬೇಕು. ಆ 30 ದಿನಗಳಲ್ಲಿ ಆ ಫಲಕವನ್ನು ಓದದ ನೆಂಟರು ಉಡುಪಿಯಲ್ಲಿ ಉಳಿಯಲಿಲ್ಲವೆಂದು ನನ್ನ ತಾಯಿ ಹೇಳುತ್ತಿದ್ದರು. ಅದೇ ಕಾಯಿದೆಯ 19ನೆಯ ಕಲಮನ್ನು ನಾನು ಓದಿದ್ದು ಬಹಳ ವರ್ಷಗಳ ನಂತರ. ಅವಿಭಕ್ತ ಹಿಂದೂ ಕುಟುಂಬದ ಸದಸ್ಯನೊಬ್ಬ ಈ ಕಾಯಿದೆಯಡಿ ಮದುವೆಯಾದರೆ, ಆ ಮದುವೆಯಿಂದಲೇ ಅವನು ಕುಟುಂಬದಿಂದ ಬೇರ್ಪಟ್ಟಂತೆ ಎಂದು ಅದು ಹೇಳುತ್ತದೆ. ಅಂದರೆ ಅಜ್ಜ ಕೂಗಾಡಿ ಮಗನನ್ನು ಮನೆಯಿಂದ ಹೊರಗೆ ಹಾಕುವ ಮೊದಲೇ ಕಾನೂನು ಆ ಕೆಲಸವನ್ನು ಮೌನವಾಗಿ ಮಾಡಿ ಮುಗಿಸಿತ್ತು.

ಮೂರು ವರ್ಷ ಹೋಗಿಬರುವಿಕೆ ಇರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ದೊಡ್ಡಮ್ಮ ಮೊದಲ ಸಲ ನಮ್ಮ ಮನೆಯ ಚಾವಡಿಗೆ ಬಂದು, ಒಳಗೆ ಹೋಗಬೇಕೋ ಬಾರದೋ ತಿಳಿಯದೆ ಕಂಬದ ಬಳಿ ನಿಂತಿದ್ದರಂತೆ. ಅಜ್ಜಿಯೂ ಏನೂ ಹೇಳದೆ ಕುಳಿತಿದ್ದರು. ಆಗ ದೊಡ್ಡಮ್ಮ ತಲೆಯೆತ್ತಿ ಮಾಡನ್ನು ನೋಡಿ, "ಅತ್ತೆ, ಇದು ಮಿಷನ್ ಹಂಚು. ನಮ್ಮ ಅಜ್ಜ ಮಲ್ಪೆಯ ಕಾರ್ಖಾನೆಯಲ್ಲಿದ್ದರು. ಇದರಲ್ಲಿ ನಾಲ್ಕು ಹಂಚಾದರೂ ಅವರ ಕೈಯದ್ದಿರಬಹುದು. ಮಳೆಗೆ ಸೋರುತ್ತದೆಯಾ?" ಎಂದು ಕೇಳಿದರು. "ಇಲ್ಲ" ಎಂದರು ಅಜ್ಜಿ. ಅತ್ತೆ ಸೊಸೆಯರ ನಡುವೆ ನಡೆದ ಮೊದಲ ಮಾತುಕತೆ ಇಷ್ಟೇ. ಮತಾಂತರದೊಂದಿಗೆ ಕುಲಕಸುಬನ್ನೂ ಊರಿನ ಆಸರೆಯನ್ನೂ ಕಳೆದುಕೊಂಡವರಿಗೆ ಕೆಲಸ ಕೊಡಲೆಂದು ಮಿಷನ್ ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳನ್ನು ತೆರೆದದ್ದು, ಆ ಹಂಚುಗಳು ಅವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ ಮನೆಗಳ ಮೇಲೆಯೇ ಏರಿ ಕುಳಿತದ್ದು, ಇವೆಲ್ಲ ನಾನು ಆಮೇಲೆ ಓದಿಕೊಂಡ ಚರಿತ್ರೆ. ಅಜ್ಜಿ ಅವರನ್ನು ಒಳಗೆ ಕರೆದದ್ದು ಅಂದೇ ಅಲ್ಲ, ಇನ್ನೂ ಒಂದು ವರ್ಷ ಕಳೆದ ಮೇಲೆ. ಅಡುಗೆಮನೆಗೆ ಮಾತ್ರ ಕೊನೆಯವರೆಗೂ ಕರೆಯಲಿಲ್ಲ. ಈ ಕತೆಯನ್ನು ಸುಖಾಂತ್ಯವಾಗಿಸಿ ಹೇಳುವ ನೆಂಟರಿದ್ದಾರೆ, ಆದ್ದರಿಂದ ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ಅವರಿಗೆ ಮಕ್ಕಳಿರಲಿಲ್ಲ. ನಾನು ಎಂಟು ವರ್ಷದವನಾಗಿದ್ದಾಗಿನಿಂದ ಭಾನುವಾರ ಮಧ್ಯಾಹ್ನಗಳಲ್ಲಿ ಅವರ ಮನೆಗೆ ಹೋಗಿಬರುತ್ತಿದ್ದೆ. ಮೊದಮೊದಲು ಅಲ್ಲಿ ಸಿಗುತ್ತಿದ್ದ ಬಿಸ್ಕತ್ತಿಗಾಗಿ, ಆಮೇಲೆ ಮಾತಿಗಾಗಿ. ವಯಸ್ಸಿನಲ್ಲಿ ಮೂವತ್ತು ವರ್ಷದ ಅಂತರವಿದ್ದರೂ ನಮ್ಮ ನಡುವೆ ಬೆಳೆದದ್ದನ್ನು ಸ್ನೇಹವೆಂದೇ ಕರೆಯಬೇಕು, ಏಕೆಂದರೆ ತಾಯಿಗೆ ಹೇಳಲಾಗದ್ದನ್ನೂ ಹೆಂಡತಿಗೆ ಹೇಳಲು ಧೈರ್ಯ ಸಾಲದಿದ್ದದ್ದನ್ನೂ ನಾನು ಅವರಿಗೆ ಹೇಳಿದ್ದೇನೆ. ಅವರು ಸಮಾಧಾನ ಹೇಳುವ ಪೈಕಿಯಲ್ಲ. ಎಲ್ಲವನ್ನೂ ಕೇಳಿಸಿಕೊಂಡು "ಎಷ್ಟು ದಿನದಿಂದ?" ಎಂದು, ಜ್ವರದ ರೋಗಿಯನ್ನು ಕೇಳಿದ ಹಾಗೆ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಅರ್ಧ ಸಂಕಟ ಇಳಿಯುತ್ತಿತ್ತು.

ನಮ್ಮಿಬ್ಬರ ಮನೆಗಳಲ್ಲೂ ತುಳುವೇ ಮಾತಾಗಿತ್ತು, ಆದರೆ ಒಂದೇ ತುಳುವಲ್ಲ. ನಮ್ಮದು ಶಿವಳ್ಳಿ ತುಳು, ಅವರದು ಊರೆಲ್ಲ ಆಡುವ ತುಳು. ಪ್ರಾರ್ಥನೆಯ ಹೊತ್ತಿಗೆ ಮಾತ್ರ ಎರಡೂ ಮನೆಗಳು ಮನೆಮಾತನ್ನು ಬಿಡುತ್ತಿದ್ದವು, ನಮ್ಮವರು ಸಂಸ್ಕೃತಕ್ಕೆ, ಅವರು ಕನ್ನಡಕ್ಕೆ. ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ತುಳುವಿಗೆ ಬಂದಿದ್ದರೂ ಅವರ ಸಭೆಯಲ್ಲಿ ಓದುತ್ತಿದ್ದದ್ದೂ ಹಾಡುತ್ತಿದ್ದದ್ದೂ ಹೆಚ್ಚಾಗಿ ಕನ್ನಡದಲ್ಲೇ. ಅವರ ಕನ್ನಡ ಸತ್ಯವೇದದ ಕನ್ನಡ. ಮಾತಿನ ನಡುವೆ "ಎಣಿಸಲ್ಪಡಲಿ" ಎಂದೋ "ಕಟಾಕ್ಷಿಸಿದನು" ಎಂದೋ ಬಂದುಬಿಟ್ಟರೆ ದೊಡ್ಡಪ್ಪ ನಗುತ್ತಿದ್ದರು. ನಾನು ಮೊದಲ ಸಲ ಅವರ ಪುಸ್ತಕವನ್ನು ತೆರೆದು 23ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿದಾಗ, "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂಬಲ್ಲಿ ತಡೆದು, ದೇವರು ಕುರುಬನಾಗಿದ್ದರೂ ಕೊರತೆಯನ್ನು ಪಡೆಯುವುದೇಕೆ ಎಂದು ಕೇಳಿದೆ. ಅವರು ನಕ್ಕು ಕಣ್ಣೊರೆಸಿಕೊಂಡು, "ಪಡೆನು ಎಂದರೆ ಪಡುವುದಿಲ್ಲ ಎಂದರ್ಥ ಮಗಾ, ಇಲ್ಲ ಎನ್ನುವ ಮಾತು ಅದರ ಹೊಟ್ಟೆಯೊಳಗೇ ಇದೆ" ಎಂದರು. ಒಲ್ಲೆನು, ಅರಿಯೆನು, ಮಾಡೆನು ಎಂಬ ಹಳೆಯ ನಿಷೇಧ ರೂಪಗಳನ್ನು ನಾನು ಕಾಲೇಜಿನಲ್ಲಿ ವ್ಯಾಕರಣವಾಗಿ ಕಲಿಯುವುದಕ್ಕೆ ಹತ್ತು ವರ್ಷ ಮೊದಲೇ ಮಿಷನ್ ಆಸ್ಪತ್ರೆಯ ದಾದಿಯೊಬ್ಬರಿಂದ ಕಲಿತಿದ್ದೆ.

ದೊಡ್ಡಪ್ಪ ಮತಾಂತರವಾಗಲಿಲ್ಲ. ದೊಡ್ಡಮ್ಮನೂ ಆಗಲಿಲ್ಲ. ಅವರು ಪ್ರತಿ ಭಾನುವಾರ ದೇವಾಲಯಕ್ಕೆ (ಅವರ ಸಭೆಯವರು ಚರ್ಚನ್ನು ಹಾಗೆಯೇ ಕರೆಯುತ್ತಾರೆ) ಹೋಗುವಾಗ ದೊಡ್ಡಪ್ಪ ಗೇಟಿನವರೆಗೆ ಸ್ಕೂಟರಿನಲ್ಲಿ ಬಿಟ್ಟು, ಎದುರಿನ ಹೋಟೆಲಿನಲ್ಲಿ ಪತ್ರಿಕೆ ಓದುತ್ತ ಕಾಯುತ್ತಿದ್ದರು. 2004ರಲ್ಲಿ ದೊಡ್ಡಪ್ಪ ತೀರಿಕೊಂಡಾಗ ಅವರ ಇಚ್ಛೆಯಂತೆ ದಹನವಾಯಿತು, ಬೆಂಕಿ ಕೊಟ್ಟವನು ನಾನು. ಮುಂದಿನ ವರ್ಷದಿಂದ ತಿಥಿಯ ದಿನ ದೊಡ್ಡಮ್ಮ ಬೆಳಿಗ್ಗೆಯೇ ನಮ್ಮ ಮನೆಗೆ ಬಂದು ಜಗಲಿಯ ಕುರ್ಚಿಯಲ್ಲಿ ಕುಳಿತು, ಒಳಗೆ ಪಿಂಡಪ್ರದಾನ ನಡೆಯುವಷ್ಟು ಹೊತ್ತೂ ಕೀರ್ತನೆಗಳನ್ನು ಮನಸ್ಸಿನಲ್ಲೇ ಓದುತ್ತಿದ್ದರು. ಊಟಕ್ಕೆ ಕರೆದರೆ ಬಂದು ಕೂರುತ್ತಿದ್ದರು, ಕೈಮುಗಿಯಲು ಕರೆದರೆ ಬರುತ್ತಿರಲಿಲ್ಲ. "ಅದು ನಿಮ್ಮ ಕೆಲಸ, ಚೆನ್ನಾಗಿ ಮಾಡಿ" ಎನ್ನುತ್ತಿದ್ದರು.

ಅವರು 2017ರ ಆಗಸ್ಟಿನಲ್ಲಿ, ಜೋರು ಮಳೆಯ ದಿನ, ತೀರಿಕೊಂಡರು. ಸಭಾಪಾಲಕರು ಮಣ್ಣಿಗೆ ಮಣ್ಣು, ಬೂದಿಗೆ ಬೂದಿ ಎಂದು ಹೇಳುತ್ತಿರುವಾಗ ಹೊಂಡದ ಅಂಚಿನಲ್ಲಿ ನಿಂತು ಹಿಡಿ ಮಣ್ಣು ಹಾಕಿದೆ. ಒದ್ದೆಯಾದ ಕೆಂಪು ಮಣ್ಣು ಕೈಯಿಂದ ಬಿಡಲಿಲ್ಲ, ಕೊಡವಿ ಕೊಡವಿ ಹಾಕಬೇಕಾಯಿತು. ಮನೆಗೆ ಬಂದಾಗ ಹೆಂಡತಿ ಬಚ್ಚಲಲ್ಲಿ ನೀರು ಕಾಯಿಸಿಟ್ಟಿದ್ದಳು. ಸೂತಕ ಎಷ್ಟು ದಿನ ಎಂಬ ಚರ್ಚೆ ಅಂದು ರಾತ್ರಿಯೇ ಎದ್ದಿತು. ದೊಡ್ಡಪ್ಪನ ಹೆಂಡತಿಯೆಂದರೆ ಹತ್ತು ದಿನ, ಅನ್ಯಮತದವರೆಂದರೆ ಸ್ನಾನದಿಂದಲೇ ಶುದ್ಧಿ. ಎರಡನ್ನೂ ಒಪ್ಪದ ನನ್ನ ತಾಯಿ "ಮೂರು ದಿನ ಇರಲಿ" ಎಂದು ತೀರ್ಮಾನ ಕೊಟ್ಟರು. ಯಾವ ಶಾಸ್ತ್ರದಲ್ಲೂ ಇರದ ಆ ಮೂರು ದಿನಗಳನ್ನು ನಮ್ಮ ಮನೆ ನಿಷ್ಠೆಯಿಂದ ಪಾಲಿಸಿತು.

ಕಷ್ಟ ಶುರುವಾದದ್ದು ಆಮೇಲೆ. ದೊಡ್ಡಪ್ಪ ಹೋದಾಗ ನನಗೆ ಮಾಡಲು ಕೆಲಸವಿತ್ತು. ಬೆಂಕಿ, ಅಸ್ಥಿ, ಹತ್ತನೆಯ ದಿನ, ಹನ್ನೊಂದನೆಯ ದಿನ, ಬೊಜ್ಜ, ಮಾಸಿಕ, ವರ್ಷಾಂತಿಕ. ದುಃಖವನ್ನು ಕಂತುಗಳಲ್ಲಿ ತೀರಿಸುವ ಈ ಏರ್ಪಾಡಿನ ಬೆಲೆ, ಅದು ಇಲ್ಲದ ಸಾವನ್ನು ನೋಡುವವರೆಗೆ ನನಗೆ ತಿಳಿದಿರಲಿಲ್ಲ. ದೊಡ್ಡಮ್ಮನ ಸಭೆಯವರು ಒಂದು ಸಂಜೆ ಸೇರಿ ಕೃತಜ್ಞತೆಯ ಪ್ರಾರ್ಥನೆ ಮಾಡಿದರು, ಹಾಡಿದರು, ಚಹಾ ಕುಡಿದರು, ಹೋದರು. ಇನ್ನೇನು ಮಾಡಬೇಕು ಎಂದು ಸಭಾಪಾಲಕರನ್ನು ಕೇಳಿದೆ. ಅವರಿಗಾಗಿ ಮಾಡಬೇಕಾದದ್ದು ಏನೂ ಉಳಿದಿಲ್ಲ ಎಂದರು. ಮೆಲ್ಲಗೆ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಆದರೆ ನನಗೆ ಬಾಗಿಲು ಹಾಕಿಕೊಂಡಂತಾಯಿತು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕೇಳುವವರಲ್ಲಿ ಬಹಳ ಜನ ನವೆಂಬರ್ 2ರಂದು ಮಂಗಳೂರಿನ ಕಡೆಯ ಕಥೋಲಿಕರು ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವುದನ್ನು ನೋಡಿರುತ್ತಾರೆ, ನೀವೂ ಆ ದಿನವೇ ಹೋಗಬಹುದಲ್ಲ ಎನ್ನುತ್ತಾರೆ. ಅದು ಸಕಲ ಮೃತರ ದಿನ. ಕಥೋಲಿಕರಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವುದು, ಪೂಜೆ ಹೇಳಿಸುವುದು ಇದೆ, ಅವರ ಆತ್ಮ ಶುದ್ಧಿಸ್ಥಳವನ್ನು ದಾಟಲು ಬದುಕಿರುವವರ ಪ್ರಾರ್ಥನೆ ನೆರವಾಗುತ್ತದೆಂಬ ನಂಬಿಕೆಯಿದೆ. ನಮ್ಮವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ, ಶ್ರಾದ್ಧದ ಭಾವಕ್ಕೆ ಹತ್ತಿರವಿದೆ. ಆದರೆ 1517ರಲ್ಲಿ ಲೂಥರ್ ಜಗಳ ತೆಗೆದದ್ದು ಈ ಜಾಗದಲ್ಲೇ. ಹಣ ಕೊಟ್ಟು ಸತ್ತವರ ಶಿಕ್ಷೆಯನ್ನು ಕಡಿಮೆ ಮಾಡಿಸಬಹುದೆಂದು ಮಾರುತ್ತಿದ್ದ ಕ್ಷಮಾಪತ್ರಗಳ ವಿರುದ್ಧ ಎದ್ದ ಆ ಜಗಳ ಬೆಳೆದು, ಸತ್ತವರು ದೇವರ ಕೈಯಲ್ಲಿದ್ದಾರೆ, ನಮ್ಮ ಕೈಯಲ್ಲಿಲ್ಲ ಎಂಬಲ್ಲಿಗೆ ಪ್ರೊಟೆಸ್ಟೆಂಟರು ಬಂದು ನಿಂತರು. ಬಾಸೆಲಿನಿಂದ 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಷನರಿಗಳು ತಂದದ್ದು ಆ ನಂಬಿಕೆಯನ್ನು. ದೊಡ್ಡಮ್ಮ ಅದರೊಳಗೆ ಹುಟ್ಟಿ, ಅದರೊಳಗೇ ಎರಡೂ ಕಾಲೂರಿ ಬದುಕಿದವರು.

ಅದು ನನಗೆ ತಿಳಿದದ್ದು ಅವರ ನೋಟ್‌ಬುಕ್ಕಿನಿಂದ. ಮನೆ ಖಾಲಿ ಮಾಡುವಾಗ ದಿಂಬಿನ ಪಕ್ಕದ ಮೇಜಿನಲ್ಲಿ, ಆಸ್ಪತ್ರೆಯ ವಾರ್ಡಿನ ರಿಜಿಸ್ಟರಿನಂತೆ ಗೆರೆ ಹಾಕಿದ ಪುಸ್ತಕವೊಂದು ಸಿಕ್ಕಿತು. ವಾರದ ಏಳು ದಿನಗಳಿಗೆ ಏಳು ಭಾಗ, ಪ್ರತಿ ದಿನಕ್ಕೆ ಹತ್ತು ಹನ್ನೆರಡು ಹೆಸರು, ಹೆಸರಿನ ಮುಂದೆ ವಿಷಯ, ಅದರ ಮುಂದೆ ತಾರೀಖು, ನೆರವೇರಿದ್ದರೆ ಒಂದು ಗುರುತು. ಪ್ರಾರ್ಥನೆಯ ಪಟ್ಟಿ ಅದು. ನಾನು ಗುರುವಾರದವನು. ಎಸ್ಸೆಸ್ಸೆಲ್ಸಿ ಗಣಿತ, ಗುರುತು. ಕೆಲಸ, ಗುರುತು. ಮೂರು ವರ್ಷ ಎಳೆದಾಡಿದ ನನ್ನ ಜಾಗದ ವ್ಯಾಜ್ಯ, ಗುರುತು, ಪಕ್ಕದಲ್ಲಿ "ಸೋತ, ಆದರೆ ನಿದ್ದೆ ಬರುತ್ತಿದೆ" ಎಂಬ ಟಿಪ್ಪಣಿ. ದೊಡ್ಡಪ್ಪನ ಹೆಸರು ಏಳೂ ದಿನಗಳಲ್ಲಿತ್ತು. ಅವರು ತೀರಿಕೊಂಡ ತಾರೀಖಿನಂದು ಏಳೂ ಕಡೆ, ಸ್ಕೇಲು ಇಟ್ಟು, ಗೆರೆ ಎಳೆಯಲಾಗಿತ್ತು.

ಆ ಗೆರೆಯನ್ನು ನೋಡಿ ನನಗೆ ಸಿಟ್ಟು ಬಂತು. ಮೂವತ್ತಮೂರು ವರ್ಷ ಜೊತೆಗಿದ್ದವರನ್ನು ಬಿಡುಗಡೆಯಾದ ರೋಗಿಯ ಹಾಗೆ ಪಟ್ಟಿಯಿಂದ ತೆಗೆಯುವುದೇ? ಆಮೇಲೆ ಒಂದು ಹಳೆಯ ಮಾತು ನೆನಪಾಯಿತು. ಹರೆಯದ ಉಡಾಫೆಯಲ್ಲಿ ಒಮ್ಮೆ, ನಿಮ್ಮ ಮತದ ಪ್ರಕಾರ ದೊಡ್ಡಪ್ಪನಂಥವರು ಸತ್ತ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಅವರನ್ನೇ ಕೇಳಿದ್ದೆ. ದೊಡ್ಡಪ್ಪ ಎದುರಿಗೇ ಕುಳಿತಿದ್ದರು. ದೊಡ್ಡಮ್ಮ ಸ್ವಲ್ಪವೂ ತಡೆಯದೆ, "ವಾರ್ಡಿನಲ್ಲಿ ಇರುವಷ್ಟು ದಿನ ನೋಡಿಕೊಳ್ಳುವುದು ನನ್ನ ಡ್ಯೂಟಿ. ಆಮೇಲಿನದ್ದು ಡಾಕ್ಟರ್ರದ್ದು ಮಗಾ, ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ" ಎಂದಿದ್ದರು. ಗೆರೆಯ ಅರ್ಥ ಅದೇ ಇರಬೇಕು. ಡ್ಯೂಟಿ ಮುಗಿಯಿತು, ಚಾರ್ಜು ಒಪ್ಪಿಸಿಯಾಯಿತು.

ನಮ್ಮ ಪುರೋಹಿತರು ಒಳ್ಳೆಯವರು. ನನ್ನ ಚಡಪಡಿಕೆಯನ್ನು ನೋಡಿ ಅವರೇ ಒಂದು ದಾರಿ ಸೂಚಿಸಿದರು. ಮಹಾಲಯದಲ್ಲಿ ತಂದೆಯ ಕಡೆಯ, ತಾಯಿಯ ಕಡೆಯ ಪಿತೃಗಳಷ್ಟೇ ಅಲ್ಲ, ಗುರುಗಳು, ಸ್ನೇಹಿತರು, ಆಪ್ತರಿಗೂ ತರ್ಪಣ ಕೊಡಲು ಅವಕಾಶವಿದೆ, ಕಾರುಣ್ಯ ಪಿತೃಗಳೆಂದು ಅವರನ್ನು ಕರೆಯುತ್ತಾರೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರವೆಂದು ಹೇಳಬಹುದು. "ಎಳ್ಳು ನೀರು ಬಿಟ್ಟುಬಿಡು, ಯಾರಿಗೂ ಏನೂ ತೊಂದರೆಯಿಲ್ಲ" ಎಂದರು. ನಮ್ಮ ಸಂಪ್ರದಾಯದಲ್ಲಿ ಇಷ್ಟು ಔದಾರ್ಯವಿದೆಯೆಂದು ನನಗೆ ಹೆಮ್ಮೆಯಾದದ್ದು ನಿಜ, ಒಂದು ವರ್ಷ ದರ್ಭೆ ಹಿಡಿದು ಕುಳಿತದ್ದೂ ನಿಜ. ಆದರೆ ಕಾಶ್ಯಪ ಗೋತ್ರೋತ್ಪನ್ನ ಎಂದು ಅವರ ಹೆಸರನ್ನು ಹೇಳಬೇಕಾದ ಜಾಗಕ್ಕೆ ಬಂದಾಗ ನನಗೆ ನಾಲಿಗೆ ಬರಲಿಲ್ಲ. ಅವರ ಹೆಸರು ಬೈಬಲಿನದ್ದು. ಅದನ್ನು ಗೋತ್ರದ ಪಕ್ಕದಲ್ಲಿಟ್ಟರೆ ಅವರನ್ನು ಕೊನೆಗೂ ಅಡುಗೆಮನೆಯೊಳಗೆ ಕರೆದಂತಾಗುತ್ತಿತ್ತೇನೋ, ಆದರೆ ವೇಷ ಬದಲಿಸಿ. ಬದುಕಿರುವಾಗ ಜಗಲಿಯಲ್ಲಿ ತಮ್ಮ ಪುಸ್ತಕವನ್ನು ಹಿಡಿದು ಕುಳಿತವರನ್ನು, ಮಾತಾಡಲಾಗದ ಸ್ಥಿತಿಯಲ್ಲಿ ಒಳಗೆ ಎಳೆದುಕೊಳ್ಳುವುದು ನನಗೆ ಸರಿಕಾಣಲಿಲ್ಲ. ಪುರೋಹಿತರು ಅರ್ಥಮಾಡಿಕೊಂಡು ಮುಂದಿನ ಮಂತ್ರಕ್ಕೆ ಹೋದರು.

ಇದೇ ಕಾರಣಕ್ಕೆ ಇನ್ನೊಂದು ಮಾತೂ ನನಗೆ ಹಿಡಿಸುವುದಿಲ್ಲ. ಅವರು ತೀರಿಕೊಂಡಾಗ ಊರಿನಲ್ಲಿ ನಡೆದ ಸಭೆಯಲ್ಲಿ ಮಾತಾಡಿದವರೊಬ್ಬರು ಅವರನ್ನು ಜಾತಿಮತಗಳನ್ನು ಮೀರಿದವರೆಂದು ಹೊಗಳಿದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿರಬೇಕು. ಆದರೆ ಅವರು ಯಾವುದನ್ನೂ ಮೀರಿರಲಿಲ್ಲ. ಎಲ್ಲ ದೇವರೂ ಒಂದೇ ಎಂದು ಯಾರಾದರೂ ಹೇಳಿದರೆ ಮುಖ ಸಪ್ಪೆ ಮಾಡಿಕೊಂಡು ಚಹಾ ತರಲು ಎದ್ದುಹೋಗುತ್ತಿದ್ದರು. ರಾತ್ರಿ ಪಾಳಿಯಲ್ಲಿ ಯಾರ ಮಲಮೂತ್ರವನ್ನಾದರೂ ಹೇಸದೆ ತೆಗೆಯುತ್ತಿದ್ದುದು ಮತವನ್ನು ಮೀರಿದ್ದರಿಂದಲ್ಲ, ತಮ್ಮ ಮತ ಅದನ್ನೇ ಹೇಳುತ್ತದೆಂದು ನಂಬಿದ್ದರಿಂದ. ಅವರ ಕ್ರೈಸ್ತತನವನ್ನು ಉಜ್ಜಿ ತೆಗೆದು ಬರಿಯ ಒಳ್ಳೆಯ ಹೆಂಗಸಾಗಿ ನೆನೆದರೆ ನಮಗೆ ಹಿತವಾಗಬಹುದು, ಅದು ಅವರ ನೆನಪಾಗುವುದಿಲ್ಲ.

ಹಾಗಾದರೆ ನಾನು ಮಾಡುವುದೇನು? ಈಸ್ಟರಿನ ಬೆಳಗಿನ ಜಾವ ಅವರ ಸಭೆಯವರೊಂದಿಗೆ ಸ್ಮಶಾನಕ್ಕೆ ಹೋಗುತ್ತೇನೆ. ಹಿಂದಿನ ವಾರವೇ ಆಳು ಕರೆಸಿ ಗೋರಿಯ ಸುತ್ತಲಿನ ಹುಲ್ಲು ತೆಗೆಸಿ ಸುಣ್ಣ ಹೊಡೆಸಿರುತ್ತೇನೆ. ಕತ್ತಲಿರುವಾಗಲೇ ಎಲ್ಲರೂ ಸೇರಿ, ಬೆಳಕು ಹರಿಯುವ ಹೊತ್ತಿಗೆ ಗೋರಿಗಳ ನಡುವೆ ನಿಂತು ಹಾಡುತ್ತಾರೆ. 1732ರಲ್ಲಿ ಜರ್ಮನಿಯ ಹೆರ್ನ್‌ಹೂಟಿನಲ್ಲಿ ಮೊರೇವಿಯನ್ ಸಭೆಯ ಯುವಕರು ಹೀಗೆ ಸ್ಮಶಾನದ ಗುಡ್ಡ ಹತ್ತಿ ಸೂರ್ಯೋದಯಕ್ಕೆ ಹಾಡಿದರಂತೆ. ಈ ಬಗೆಯ ಆರಾಧನೆಯ ಮೂಲವನ್ನು ಅಲ್ಲಿಯೇ ಗುರುತಿಸುತ್ತಾರೆ. ಅಲ್ಲಿಯವರ ಭಾಷೆಯಲ್ಲಿ ಸ್ಮಶಾನಕ್ಕೆ ದೇವರ ಹೊಲ ಎಂಬ ಅರ್ಥದ ಮಾತಿದೆ, ಬಿತ್ತಿದ್ದು ಮೊಳೆಯುತ್ತದೆಂಬ ಲೆಕ್ಕ. ಆ ನಂಬಿಕೆ ನನಗಿದೆಯೇ ಎಂದು ಕೇಳಿದರೆ, ಇಲ್ಲ. ಅವರಿಗಿತ್ತು, ಆದ್ದರಿಂದ ಆ ಒಂದು ಗಂಟೆ ಅದರ ನಡುವೆ ನಿಂತಿರುತ್ತೇನೆ. ಯೋಹಾನನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ತಂದೆಯ ಮನೆಯಲ್ಲಿ ಬಹಳ ಬಿಡಾರಗಳಿವೆ ಎಂಬರ್ಥದ ಮಾತು ಬರುತ್ತದೆ. ಬಿಡಾರವೆಂದರೆ ನಮ್ಮ ಕಡೆ ಯಕ್ಷಗಾನ ಮೇಳದವರು ಊರಿಂದೂರಿಗೆ ಹೋಗುವಾಗ ಇಳಿದುಕೊಳ್ಳುವ ಜಾಗ. ಆ ಅಧ್ಯಾಯವನ್ನು ಓದಿದಾಗಲೆಲ್ಲ ದೊಡ್ಡಪ್ಪ ಎಲ್ಲೋ ಒಂದು ಬಿಡಾರದ ಹೊರಗೆ ಪತ್ರಿಕೆ ಓದುತ್ತ ಕಾಯುತ್ತಿರುವಂತೆ ನನಗೆ ಕಾಣುತ್ತದೆ. ಸಭಾಪಾಲಕರು ಇದನ್ನು ಒಪ್ಪುವುದಿಲ್ಲ, ನಮ್ಮ ಪುರೋಹಿತರೂ ಒಪ್ಪುವುದಿಲ್ಲ.

ಯಾವ ತಿಥಿ ಎಂದು ಕೇಳುವವರಿಗೆ ಕೊನೆಗೆ ಒಂದು ಸಮಾಧಾನವಿದೆ. ಈಸ್ಟರಿಗೂ ನಿಗದಿಯಾದ ತಾರೀಖಿಲ್ಲ. ಮಾರ್ಚ್ 21ರಂದು ಅಥವಾ ಅದರ ಅನಂತರ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ ಅದು, ಆದ್ದರಿಂದ ನಮ್ಮ ತಿಥಿಗಳಂತೆ ಚಂದ್ರನನ್ನೇ ಹಿಡಿದು ಹಿಂದೆ ಮುಂದೆ ಸರಿಯುತ್ತಿರುತ್ತದೆ. 2027ರಲ್ಲಿ ಮಾರ್ಚ್ 28ಕ್ಕೆ ಬೀಳುತ್ತದೆ. ನಿಮ್ಮಲ್ಲಿ ಯಾರಿಗಾದರೂ ಬರಬೇಕೆನಿಸಿದರೆ ಬೆಳಿಗ್ಗೆ ಐದು ಗಂಟೆಗೆ ಮುಂಚೆ ಗೇಟಿನ ಬಳಿ ಇರಿ, ಒಂದು ಟಾರ್ಚ್ ತನ್ನಿ. ಹಾಡಿನ ಪುಸ್ತಕ ನನ್ನ ಬಳಿ ಒಂದೇ ಇದೆ, ದೊಡ್ಡಮ್ಮನದ್ದು, ಅಕ್ಷರ ಸಣ್ಣದು. ಪಕ್ಕದಲ್ಲಿ ನಿಂತರೆ ಇಬ್ಬರು ನೋಡಬಹುದು.